ಪುಸ್ತಕದಿಂದ ರಂಗಸ್ಥಳಕ್ಕೆ: ಆಲಿಸಳ ಸಂಗೀತ ನಾಟಕ

ಮಕ್ಕಳ ಮನಸ್ಸನ್ನು ರಂಜಿಸುವ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಅಜ್ಜಿಯು ಮೊಮ್ಮಕ್ಕಳನ್ನು ಸುತ್ತಲೂ ಕುಳ್ಳಿರಿಸಿಕೊಂಡು ಹೇಳುವ ಕಥೆಯು ಒಂದು ಬಗೆ. ಅದೇ ಕಥೆಯು ಅಚ್ಚಾಗಿ ಪುಸ್ತಕರೂಪದಲ್ಲಿ ಕೈಗೆ ಬಂದರೆ ಅದು ಮತ್ತೊಂದು ಬಗೆ. ವೇಷ ಹಾಕಿ, ಹಾಡಿ, ಕುಣಿದು ರಂಗಸ್ಥಳದ ಮೇಲೆ ಅದನ್ನು ಆಡಿ ತೋರಿಸಿದರೆ ಅದು ಮೂರನೆಯ ಬಗೆ. ಈ ಮೂರನೆಯ ರೂಪವನ್ನು ತಾಳುವಾಗ ಕಥೆಯು ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಪಡೆಯುತ್ತದೆ, ಯಾವುದನ್ನು ಎಂದಿಗೂ ಬಿಟ್ಟುಕೊಡಬಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪಾಠಶಾಲೆಯ ವಾರ್ಷಿಕೋತ್ಸವವು ಸಮೀಪಿಸಿದಾಗಲೆಲ್ಲಾ ತಾಯಿತಂದೆಗಳಲ್ಲಿ ಕೆಲವರು ಉಪಾಧ್ಯಾಯಿನಿಯರ ಬಳಿಗೆ ಬಂದು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಹೆಣ್ಣುಮಕ್ಕಳು ಜನರ ಮುಂದೆ ನಿಂತು ಹಾಡಿ ಕುಣಿಯುವುದು ತಕ್ಕದ್ದೇ ಎಂಬುದು ಒಂದು. ಪಾಠ ಓದತಕ್ಕ ಹೊತ್ತನ್ನು ಇಂಥ ಕಟ್ಟುಕಥೆಗಳಲ್ಲಿ ಕಳೆಯುವುದರಿಂದ ಬರುವ ಪ್ರಯೋಜನವೇನು ಎಂಬುದು ಮತ್ತೊಂದು. ಇವನ್ನು ಕೇಳುವವರು ಮಕ್ಕಳ ಮೇಲಣ ಪ್ರೀತಿಯಿಂದಲೇ ಕೇಳುವರು. ಆದುದರಿಂದ ಈ ಪ್ರಶ್ನೆಗಳನ್ನು ಲಘುವಾಗಿ ಎಣಿಸಲಾಗದು. ಹೌದು, ಅಲ್ಲ ಎಂಬ ಒಂದೇ ಮಾತಿನ ಉತ್ತರಕ್ಕಿಂತ, ಇವೇ ಪ್ರಶ್ನೆಗಳನ್ನು ಎದುರಿಸಬೇಕಾಗಿ ಬಂದ ಒಂದು ನಾಟಕದ ಚರಿತ್ರೆಯನ್ನು ವಿವರಿಸುವುದು ಲೇಸೆಂದು ತೋರಿತು. ಅದು 1886ನೆಯ ಇಸವಿಯಲ್ಲಿ ಲಂಡನ್ ಪಟ್ಟಣದಲ್ಲಿ ಮೊದಲು ಆಡಲ್ಪಟ್ಟ "ಆಲಿಸ್ ಇನ್ ವಂಡರ್‌ಲ್ಯಾಂಡ್" ಎಂಬ ಸಂಗೀತ ನಾಟಕ.

ಈ ಕಥೆಯ ಹುಟ್ಟನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಆದರೂ ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳತಕ್ಕದ್ದು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಬೋಧಿಸುತ್ತಿದ್ದ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್‌ರವರು (1832–1898) 1862ನೆಯ ಇಸವಿ ಜುಲೈ 4ರಂದು ತಮ್ಮ ಸ್ನೇಹಿತರಾದ ರಾಬಿನ್‌ಸನ್ ಡಕ್‌ವರ್ತ್‌ರವರನ್ನೂ, ಕಾಲೇಜಿನ ಡೀನರಾದ ಲಿಡೆಲ್‌ರವರ ಮೂವರು ಹೆಣ್ಣುಮಕ್ಕಳನ್ನೂ ಸಂಗಡ ಕರೆದುಕೊಂಡು ಥೇಮ್ಸ್ ನದಿಯಲ್ಲಿ ದೋಣಿವಿಹಾರಕ್ಕೆ ಹೋದರು. ದಾರಿಯಲ್ಲಿ ಮಕ್ಕಳು ಕಥೆ ಹೇಳೆಂದು ಪೀಡಿಸಿದರು. ಮೂವರಲ್ಲಿ ನಡುವಿನವಳಾದ ಹತ್ತು ವರುಷದ ಆಲಿಸಳ ಹೆಸರನ್ನೇ ಕಥಾನಾಯಕಿಗೆ ಇಟ್ಟು ಅವರು ಆ ಹೊತ್ತಿಗೆ ತೋಚಿದಂತೆ ಕಥೆ ಹೇಳುತ್ತಾ ಹೋದರು. ಅದನ್ನು ಬರೆದುಕೊಡಬೇಕೆಂದು ಆ ಬಾಲೆಯು ಬೇಡಿದುದರಿಂದ, ತಮ್ಮ ಕೈಯಿಂದಲೇ ಬರೆದು, ಚಿತ್ರಗಳನ್ನೂ ತಾವೇ ಬಿಡಿಸಿ, 1864ನೆಯ ಇಸವಿ ನವೆಂಬರ್ ತಿಂಗಳಲ್ಲಿ ಅವಳಿಗೆ ಕಾಣಿಕೆಯಾಗಿ ಕೊಟ್ಟರು. ಮುಂದೆ ಕಥೆಯನ್ನು ಬೆಳಸಿ, ಜಾನ್ ಟೆನಿಯಲ್ ಎಂಬ ಹೆಸರಾದ ಚಿತ್ರಕಾರರಿಂದ ಚಿತ್ರಗಳನ್ನು ಬರೆಯಿಸಿ, ಲೂಯಿಸ್ ಕ್ಯಾರಲ್ ಎಂಬ ಅಂಕಿತನಾಮದಿಂದ 1865ರಲ್ಲಿ ಪುಸ್ತಕವಾಗಿ ಪ್ರಕಟಪಡಿಸಿದರು. ಆಲಿಸಳು ಕನ್ನಡಿಯ ಆಚೆಗೆ ಹೋದ ಎರಡನೆಯ ಕಥೆಯು 1871ರ ಕೊನೆಯಲ್ಲಿ ಹೊರಟಿತು.

ಕಥೆಯಲ್ಲಿ ನಡೆಯುವುದೇನು? ನದಿಯ ದಡದಲ್ಲಿ ಅಕ್ಕನ ಪಕ್ಕದಲ್ಲಿ ಕುಳಿತ ಆಲಿಸಳು ಗಡಿಯಾರ ನೋಡುತ್ತಾ ಓಡುವ ಒಂದು ಬಿಳಿ ಮೊಲವನ್ನು ಕಂಡು ಅದರ ಬೆನ್ನಟ್ಟಿ ಬಿಲದೊಳಗೆ ಬೀಳುತ್ತಾಳೆ. ಅಲ್ಲಿ ಒಂದನ್ನು ಕುಡಿದರೆ ಮೈ ಕುಗ್ಗುತ್ತದೆ, ಮತ್ತೊಂದನ್ನು ತಿಂದರೆ ಮೈ ಬೆಳೆಯುತ್ತದೆ. ಕಂಬಳಿಹುಳು ಬುದ್ಧಿ ಹೇಳುತ್ತದೆ. ಬೆಕ್ಕು ಮಾಯವಾದರೂ ಅದರ ನಗೆ ಮಾತ್ರ ಉಳಿಯುತ್ತದೆ. ಟೊಪ್ಪಿಗೆ ಮಾರುವವನೊಬ್ಬನು ಮುಗಿಯದ ಚಹಾಕೂಟವನ್ನು ನಡಸುತ್ತಿರುತ್ತಾನೆ. ಇಸ್ಪೀಟೆಲೆಗಳ ರಾಣಿಯು ಎದುರಿಗೆ ಬಂದವರ ತಲೆಯನ್ನೆಲ್ಲಾ ಹಾರಿಸುವಂತೆ ಅಪ್ಪಣೆ ಮಾಡುತ್ತಾಳೆ. ಎರಡನೆಯ ಪುಸ್ತಕದಲ್ಲಿ ಇದೇ ಬಗೆಯ ವಿಚಿತ್ರಗಳು ಚದುರಂಗದ ಮಣೆಯ ಮೇಲೆ ನಡೆಯುವವು. ಎರಡೂ ಕಡೆಗಳಲ್ಲಿ ಕಡೆಗೆ ಅದೆಲ್ಲವೂ ಕನಸೆಂದು ತಿಳಿದುಬರುತ್ತದೆ.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಗೋಸ್ಕರ ಬರೆದ ಪುಸ್ತಕಗಳಲ್ಲಿ ಬಹುಪಾಲು ನೀತಿಪಾಠಗಳಾಗಿದ್ದವು. ಅವಿಧೇಯನಾದ ಹುಡುಗನು ಕಷ್ಟಕ್ಕೆ ಸಿಕ್ಕುವನು; ವಿಧೇಯಳಾದ ಹುಡುಗಿಯು ಬಹುಮಾನ ಪಡೆಯುವಳು. ಆಲಿಸಳ ಕಥೆಯಲ್ಲಿ ಇಂಥ ಪಾಠವು ಯಾವುದೂ ಇಲ್ಲ. ಎಲ್ಲದರಲ್ಲಿಯೂ ನೀತಿಯನ್ನು ಹುಡುಕುವ ಒಬ್ಬ ದೊರೆಸಾನಿಯನ್ನು ಕಥೆಯೊಳಗೆ ತಂದು ಗ್ರಂಥಕರ್ತರು ನಗೆಗೀಡು ಮಾಡಿರುವರು. ಹಾಗಾದರೆ ಇದರಲ್ಲಿ ಮಕ್ಕಳಿಗೆ ದೊರೆಯುವುದೇನೆಂದು ಹೆತ್ತವರು ಕೇಳಬಹುದು. ತರ್ಕವಿಲ್ಲದ ಲೋಕದಲ್ಲಿ ತರ್ಕಬದ್ಧವಾಗಿ ಆಲೋಚಿಸುವ, ಮರ್ಯಾದೆಯಿಲ್ಲದವರ ನಡುವೆ ಮರ್ಯಾದೆಯಿಂದ ಮಾತನಾಡುವ, ಹೆದರಿಕೆ ಬಂದರೂ ಪ್ರಶ್ನೆ ಕೇಳುವುದನ್ನು ಬಿಡದ ಒಬ್ಬ ಹುಡುಗಿ ದೊರೆಯುತ್ತಾಳೆ. ರಾಣಿಯ ನ್ಯಾಯಸ್ಥಾನದಲ್ಲಿ ಸಾಕ್ಷ್ಯವನ್ನು ಕೇಳಿ ತೀರ್ಪಿಗೆ ಮೊದಲೇ ಶಿಕ್ಷೆ ವಿಧಿಸಹೊರಟಾಗ, ಅದು ಅನ್ಯಾಯವೆಂದು ಎದ್ದು ಹೇಳುವವಳು ಅವಳೊಬ್ಬಳೇ.

ಇಂಥ ಕಥೆಯನ್ನು ನಾಟಕ ಮಾಡುವುದು ಸುಲಭವಲ್ಲ. ನಾಟಕಕ್ಕೆ ಒಂದು ಕಾರ್ಯ ಬೇಕು: ಯಾರೋ ಒಬ್ಬರು ಏನನ್ನೋ ಬಯಸಬೇಕು, ಅದಕ್ಕೆ ಅಡ್ಡಿ ಬರಬೇಕು, ಕೊನೆಯಲ್ಲಿ ಅಡ್ಡಿಯು ನೀಗಬೇಕು. ಆಲಿಸಳ ಕಥೆಯಾದರೋ ಕನಸಿನಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತದೆ. ಇದಲ್ಲದೆ, ಅವಳ ಮೈ ಹಿಗ್ಗುವುದನ್ನೂ ಕುಗ್ಗುವುದನ್ನೂ ಬರವಣಿಗೆಯಲ್ಲಿ ಒಂದು ವಾಕ್ಯದಿಂದ ಹೇಳಿಬಿಡಬಹುದು. ನಟಿಯ ದೇಹವನ್ನು ಹಾಗೆ ಮಾರ್ಪಡಿಸಲಾಗದು. ಅವಳು ಮನಸ್ಸಿನಲ್ಲಿಯೇ ನಡಸುವ ಆಲೋಚನೆಗಳು ಪುಸ್ತಕದ ಸೊಗಸಿನಲ್ಲಿ ದೊಡ್ಡ ಪಾಲು. ರಂಗಸ್ಥಳದಲ್ಲಿ ಮನಸ್ಸಿನ ಮಾತು ಕೇಳಿಸದು. ಹೀಗಿದ್ದರೂ ನಾಟಕಕ್ಕೆ ಅನುಕೂಲವಾದ ಗುಣಗಳೂ ಆ ಪುಸ್ತಕಗಳಲ್ಲಿ ಇದ್ದವು. ಕಥೆಯ ಬಹುಭಾಗವು ಸಂಭಾಷಣೆಯಾಗಿದೆ. ಅಲ್ಲಲ್ಲಿ ಪದ್ಯಗಳು ಹೇರಳವಾಗಿವೆ. ಟೆನಿಯಲ್‌ರವರ ಚಿತ್ರಗಳು ಓದುಗರ ಕಣ್ಣಿನಲ್ಲಿ ನೆಲಸಿಬಿಟ್ಟಿದ್ದುದರಿಂದ ಯಾವ ಪಾತ್ರಕ್ಕೆ ಯಾವ ಉಡುಪೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಡಾಡ್ಜ್‌ಸನ್‌ರವರಿಗೆ ನಾಟಕದಲ್ಲಿ ಬಹಳ ಆಸಕ್ತಿ. ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಅವರು 1861ರಲ್ಲಿ ಡೀಕನ್ ಪದವಿಗೆ ಅಭಿಷಿಕ್ತರಾದವರು. ಆಗ ಆಕ್ಸ್‌ಫರ್ಡಿನ ಬಿಷಪರಾಗಿದ್ದ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್‌ರವರು ಸಭಾಸೇವೆಯಲ್ಲಿರುವವರು ನಾಟಕಶಾಲೆಗೆ ಹೋಗುವುದನ್ನು ಒಪ್ಪುತ್ತಿರಲಿಲ್ಲ. ಹಾಗೆ ಒಪ್ಪದ ಭಕ್ತರು ಇನ್ನೂ ಅನೇಕರಿದ್ದರು. ಡಾಡ್ಜ್‌ಸನ್‌ರವರು ಹೋಗುವುದನ್ನು ಬಿಡಲಿಲ್ಲ. ಆದರೆ ಆಟವನ್ನು ಆರಿಸಿ ನೋಡುತ್ತಿದ್ದರು. ದೇವರ ಹೆಸರನ್ನು ಲಘುವಾಗಿ ಎತ್ತುವ, ಮಾನ ಕೆಡಿಸುವ ಹಾಸ್ಯವುಳ್ಳ ಆಟಗಳನ್ನು ಅವರು ಸಹಿಸುತ್ತಿರಲಿಲ್ಲ. ಗಿಲ್ಬರ್ಟ್ ಮತ್ತು ಸಲಿವನ್ ಎಂಬವರ "ಪಿನಫೋರ್" ಎಂಬ ಸಂಗೀತ ನಾಟಕವನ್ನು ಮಕ್ಕಳಿಂದಲೇ ಆಡಿಸಿದಾಗ, ಮುಗ್ಧರಾದ ಪುಟ್ಟ ಹುಡುಗಿಯರು ಒಂದು ಶಾಪದ ಮಾತನ್ನು ನಗುಮುಖದಿಂದ ಒಟ್ಟಾಗಿ ಹಾಡಿದುದನ್ನು ಕೇಳಿ ತಮಗಾದ ನೋವನ್ನು ಅವರು 1888ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ತಿಳಿಸಿರುವರು. ನಾಟಕವನ್ನು ದ್ವೇಷಿಸುವವರ ದೂರು ಅದಾಗಿರಲಿಲ್ಲ, ನಾಟಕವನ್ನು ಪ್ರೀತಿಸುವವರೊಬ್ಬರ ದೂರು. ಆದುದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ತಮ್ಮ ಕಥೆಯನ್ನು ರಂಗಸ್ಥಳದ ಮೇಲೆ ನೋಡಬೇಕೆಂಬ ಬಯಕೆ ಅವರಿಗೆ ಬಹುಕಾಲದಿಂದ ಇತ್ತು. 1876ರಲ್ಲಿ ಲಂಡನಿನ ಪಾಲಿಟೆಕ್ನಿಕ್ ಸಂಸ್ಥೆಯವರು ದೀಪದ ಬೆಳಕಿನಿಂದ ಪರದೆಯ ಮೇಲೆ ಚಿತ್ರಗಳನ್ನು ಮೂಡಿಸುತ್ತಾ ಆಲಿಸಳ ಕಥೆಯನ್ನು ಹಾಡುಗಳೊಡನೆ ಹೇಳಿದ ಪ್ರದರ್ಶನವನ್ನು ಅವರು ಹೋಗಿ ನೋಡಿದರು. 1877ರಲ್ಲಿ ಸಂಗೀತಗಾರರಾದ ಆರ್ಥರ್ ಸಲಿವನ್‌ರವರಿಗೆ ಪತ್ರ ಬರೆದು, ಕಥೆಯ ಪದ್ಯಗಳಿಗೆ ರಾಗ ಹಾಕಿಕೊಡುವಿರಾ ಎಂದು ವಿಚಾರಿಸಿದರು; ಆ ಮಾತು ಮುಂದುವರಿಯಲಿಲ್ಲ. ಕಡೆಗೆ 1886ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಹೆನ್ರಿ ಸ್ಯಾವಿಲ್ ಕ್ಲಾರ್ಕ್ ಎಂಬ ನಾಟಕಕಾರರು ತಾವಾಗಿಯೇ ಪತ್ರ ಬರೆದು, ಆಲಿಸಳ ಕಥೆಯನ್ನು ಸಂಗೀತ ನಾಟಕವಾಗಿ ಮಾಡುವುದಕ್ಕೆ ಅಪ್ಪಣೆ ಬೇಡಿದರು.

ಗ್ರಂಥಕರ್ತರು ಒಪ್ಪಿದರು, ಆದರೆ ಒಂದು ಕಟ್ಟುಪಾಡನ್ನು ವಿಧಿಸಿದರು. ನಾಟಕದ ಮಾತಿನಲ್ಲಾಗಲಿ, ನಟರು ರಂಗಸ್ಥಳದ ಮೇಲೆ ಮಾಡಿ ತೋರಿಸುವ ಚೇಷ್ಟೆಗಳಲ್ಲಾಗಲಿ ಅಸಭ್ಯವಾದುದು ಏನೂ ಇರಕೂಡದು. ಅಸಭ್ಯತೆಯ ಸುಳಿವು ಕೂಡ ಇರಕೂಡದು. ಈ ಮಾತಿನ ಜಾಣ್ಮೆಯನ್ನು ನಾಟಕ ಆಡಿಸಿದವರು ಚೆನ್ನಾಗಿ ಅರಿಯುವರು. ಬರೆದ ಮಾತು ನಿರ್ದೋಷವಾಗಿದ್ದರೂ ನಟನ ಒಂದು ಕಣ್ಣುಸನ್ನೆಯಿಂದ ಅದು ಕೆಟ್ಟ ಅರ್ಥವನ್ನು ಹೊಂದಬಹುದು. ಆದುದರಿಂದ ಅವರು ಗ್ರಂಥವನ್ನೂ ಅಭಿನಯವನ್ನೂ ಒಂದೇ ಬೇಲಿಯೊಳಗೆ ತಂದರು.

ಇದಲ್ಲದೆ ಎರಡು ಬಯಕೆಗಳನ್ನೂ ಅವರು ತಿಳಿಸಿದರು. ಎರಡು ಪುಸ್ತಕಗಳನ್ನು ಒಂದೇ ಆಟದಲ್ಲಿ ಬೆರಸದೆ ಒಂದನ್ನೇ ತೆಗೆದುಕೊಳ್ಳಬೇಕೆಂಬುದು ಮೊದಲನೆಯದು. ಹಳೆಯ ಹಾಡುಗಳನ್ನು ಅಣಕಿಸಿ ತಾವು ಬರೆದ ಪದ್ಯಗಳನ್ನು ಹಾಡಿಸುವುದಾದರೆ, ಅವುಗಳಿಗೆ ಹೊಸ ರಾಗ ಹಾಕದೆ ಆ ಹಳೆಯ ಹಾಡುಗಳ ಧಾಟಿಯಲ್ಲಿಯೇ ಹಾಡಿಸಬೇಕೆಂಬುದು ಎರಡನೆಯದು. ಮೊದಲನೆಯ ಬಯಕೆಯು ನೆರವೇರಲಿಲ್ಲ. ಸ್ಯಾವಿಲ್ ಕ್ಲಾರ್ಕ್‌ರವರು ಎರಡು ಕಥೆಗಳನ್ನೂ ತೆಗೆದುಕೊಂಡು, ಮೊದಲನೆಯ ಅಂಕದಲ್ಲಿ ಅದ್ಭುತಲೋಕವನ್ನೂ ಎರಡನೆಯ ಅಂಕದಲ್ಲಿ ಕನ್ನಡಿಯಾಚೆಯ ಲೋಕವನ್ನೂ ಇಟ್ಟರು. ಆದರೆ ಒಂದರ ಪಾತ್ರಗಳನ್ನು ಇನ್ನೊಂದರಲ್ಲಿ ಕಲಸದೆ ಬೇರೆ ಬೇರೆಯಾಗಿಯೇ ನಡಸಿದುದರಿಂದ ಗ್ರಂಥಕರ್ತರ ಅಭಿಪ್ರಾಯಕ್ಕೆ ಪೂರಾ ಭಂಗ ಬರಲಿಲ್ಲ.

ಎರಡನೆಯ ಬಯಕೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಒಂದು ಜೋಗುಳವನ್ನು ನೆನಸಿಕೊಳ್ಳಿರಿ. ತುಂಟ ಹುಡುಗಿಯೊಬ್ಬಳು ಅದೇ ಧಾಟಿಯಲ್ಲಿ ಕಂದನ ಹೆಸರಿದ್ದ ಕಡೆ ಬೆಕ್ಕಿನ ಹೆಸರನ್ನೂ, ತೊಟ್ಟಿಲಿದ್ದ ಕಡೆ ಸೌದೆಗೂಡನ್ನೂ ಸೇರಿಸಿ ಹಾಡಿದಳೆನ್ನಿರಿ. ಕೇಳಿದವರೆಲ್ಲರೂ ನಗುವರು. ಏಕೆಂದರೆ ಕಿವಿಯು ಹಳೆಯ ಮಾತನ್ನು ಎದುರುನೋಡುತ್ತಿರುವಾಗಲೇ ಹೊಸ ಮಾತು ಬಂದು ಬೀಳುತ್ತದೆ. ಅದೇ ಮಾತುಗಳನ್ನು ಬೇರೊಂದು ರಾಗದಲ್ಲಿ ಹಾಡಿದರೆ ಆ ಹಾಸ್ಯವು ಅರ್ಧ ಸತ್ತುಹೋಗುತ್ತದೆ. ಆಲಿಸಳ ಕಥೆಯ ಪದ್ಯಗಳಲ್ಲಿ ಹಲವು ಅಂದಿನ ಇಂಗ್ಲಿಷ್ ಮಕ್ಕಳು ಶಾಲೆಯಲ್ಲಿಯೂ ಮನೆಯಲ್ಲಿಯೂ ಕಲಿತಿದ್ದ ಗಂಭೀರ ಪದ್ಯಗಳ ಅಣಕಗಳು. ಇಂದಿನ ಓದುಗರು ಮೂಲ ಪದ್ಯಗಳನ್ನು ಮರೆತು ಅಣಕಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿರುವುದು ಕಾಲದ ವಿನೋದವೆಂದೇ ಹೇಳಬೇಕು. ಗಣಿತದ ಉಪಾಧ್ಯಾಯರಾದ ಗ್ರಂಥಕರ್ತರಿಗೆ ಸಂಗೀತದ ಈ ಮರ್ಮವು ತಿಳಿದಿತ್ತು.

ನಾಟಕಕ್ಕೆ ಸಂಗೀತವನ್ನು ಒದಗಿಸಿದವರು ವಾಲ್ಟರ್ ಸ್ಲಾಟರ್ (1860–1908) ಎಂಬವರು. ಆಗ ಅವರು ಇನ್ನೂ ಯುವಕರು. ಪರದೆಯು ಏಳುವಾಗ ಕಾಡಿನಲ್ಲಿ ಮರದ ಬುಡದಲ್ಲಿ ಆಲಿಸಳು ನಿದ್ರಿಸುತ್ತಿರುತ್ತಾಳೆ. ಸುತ್ತಲೂ ಯಕ್ಷಿಣಿಯರು ಹಾಡುತ್ತಾ ಕುಣಿಯುತ್ತಿರುತ್ತಾರೆ. ನಾಟಕಕಾರರು ಇಲ್ಲಿ ಒಂದು ಉಪಾಯವನ್ನು ಮಾಡಿದರು. ಬಿಲದೊಳಗೆ ಬೀಳುವುದನ್ನು ತೋರಿಸುವ ಕಷ್ಟಕ್ಕೆ ಹೋಗದೆ, ಇದು ಕನಸೆಂಬುದನ್ನು ಮೊದಲೇ ನೋಡುವವರಿಗೆ ತಿಳಿಸಿಬಿಟ್ಟರು. ನಾಟಕಕ್ಕೂ ಅವರು "ಸಂಗೀತ ಸ್ವಪ್ನನಾಟಕ" ಎಂಬರ್ಥದ ಹೆಸರನ್ನೇ ಕೊಟ್ಟರು. ಕನಸೆಂದು ಒಪ್ಪಿಕೊಂಡ ಮೇಲೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹಾರಿದರೂ ಯಾರೂ ಕಾರಣ ಕೇಳುವುದಿಲ್ಲ. ಆದರೆ ಪುಸ್ತಕದಲ್ಲಿ ಕಥೆ ಮುಗಿದ ಮೇಲೆ ದೊರೆಯುವ ಒಂದು ಆಶ್ಚರ್ಯವು ಇದರಿಂದ ನಾಟಕದಲ್ಲಿ ಇಲ್ಲವಾಯಿತು. ರಂಗಸ್ಥಳವು ಒಂದನ್ನು ಕೊಡುವಾಗ ಒಂದನ್ನು ಕೇಳಿಯೇ ತೀರುತ್ತದೆ.

1886ನೆಯ ಇಸವಿ ಡಿಸೆಂಬರ್ 23ರಂದು, ಕ್ರಿಸ್ಮಸ್ ಹಬ್ಬದ ಸಮಯದಲ್ಲಿ, ಲಂಡನಿನ ಪ್ರಿನ್ಸ್ ಆಫ್ ವೇಲ್ಸ್ ನಾಟಕಶಾಲೆಯಲ್ಲಿ ಮೊದಲನೆಯ ಆಟವು ನಡೆಯಿತು. ಮಕ್ಕಳು ಬರುವುದಕ್ಕೆ ಅನುಕೂಲವಾಗುವಂತೆ ಆಟಗಳು ಮಧ್ಯಾಹ್ನದ ಹೊತ್ತಿನಲ್ಲಿ ನಡೆಯುತ್ತಿದ್ದವು. ಉಡುಪುಗಳನ್ನು ಟೆನಿಯಲ್‌ರವರ ಚಿತ್ರಗಳ ಮಾದರಿಯಲ್ಲಿ ಹೊಲಿಸಿದ್ದರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದಿದ ಮಕ್ಕಳಿಗೆ, ತಾವು ಕಂಡ ಚಿತ್ರಗಳೇ ಎದ್ದು ನಡೆದಾಡುವುದನ್ನು ನೋಡಿ ಎಷ್ಟು ಹಿಗ್ಗಾಗಿರಬೇಕೆಂಬುದನ್ನು ಊಹಿಸಬಹುದು.

ಆಲಿಸಳ ವೇಷವನ್ನು ಧರಿಸಿದವಳು ಫೀಬಿ ಕಾರ್ಲೊ ಎಂಬ ಬಾಲಿಕೆ. ಆ ವೇಷದ ಕಷ್ಟವು ಸಾಮಾನ್ಯವಾದುದಲ್ಲ. ನಾಟಕದ ಮೊದಲಿನಿಂದ ಕೊನೆಯ ವರೆಗೆ ಬಹುಮಟ್ಟಿಗೆ ಅವಳು ರಂಗಸ್ಥಳದಲ್ಲಿಯೇ ಇರಬೇಕು. ಡಾಡ್ಜ್‌ಸನ್‌ರವರು 1887ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ "ದಿ ಥಿಯೇಟರ್" ಎಂಬ ಮಾಸಪತ್ರಿಕೆಗೆ ಈ ನಾಟಕದ ವಿಷಯವಾಗಿ ಒಂದು ಲೇಖನವನ್ನು ಬರೆದರು. ಅದರಲ್ಲಿ ಅವರು ಗಣಿತಜ್ಞರಿಗೆ ತಕ್ಕಂತೆ ಲೆಕ್ಕ ಹಾಕಿ, ಆ ಬಾಲೆಯು 215 ಮಾತುಗಳನ್ನು ಬಾಯಿಪಾಠ ಮಾಡಿ ಹೇಳಿದಳೆಂದೂ, ಷೇಕ್ಸ್‌ಪಿಯರನ ಒಂದು ನಾಟಕದ ನಾಯಕಿಯಾದ ಬಿಯಾಟ್ರಿಸಳ ಮಾತುಗಳಿಗೆ ಅವು ಹೆಚ್ಚುಕಡಿಮೆ ಮೂರು ಪಾಲಾಗುತ್ತವೆಂದೂ ತಿಳಿಸಿದರು. ಆದರೆ ಅವರು ಹೆಚ್ಚಾಗಿ ಮೆಚ್ಚಿದ್ದು ಜ್ಞಾಪಕಶಕ್ತಿಯನ್ನಲ್ಲ. ರಜೆಯ ದಿನ ಹೊರಗೆ ಹೊರಟ ಮಗುವಿಗೆ ಕಂಡದ್ದೆಲ್ಲವೂ ಸಂತೋಷವನ್ನು ಕೊಡುವಂತೆ, ಅವಳು ಆ ವಿಚಿತ್ರಲೋಕದಲ್ಲಿ ಹಿಗ್ಗಿನಿಂದ ತಿರುಗಾಡಿದಳೆಂಬುದೇ ಅವರಿಗೆ ಒಪ್ಪಿಗೆಯಾಯಿತು. ಟೊಪ್ಪಿಗೆಯವನ ವೇಷ ಹಾಕಿದ ಸಿಡ್ನಿ ಹಾರ್ಕೋರ್ಟ್‌ರವರನ್ನೂ, ತೂಕಡಿಸುವ ಪುಟ್ಟ ಇಲಿಯ ವೇಷ ಹಾಕಿದ ಆರೂವರೆ ವರುಷದ ಡಾರೊಥಿ ಡಾಲ್ಕೋರ್ಟ್ ಎಂಬ ಕಂದಮ್ಮನನ್ನೂ ಅವರು ಹೊಗಳಿದರು.

ಆ ಲೇಖನದಲ್ಲಿ ಅವರು ಆಲಿಸಳ ಗುಣಗಳನ್ನೂ ವಿವರಿಸಿರುವರು. ಪ್ರೀತಿ, ಸೌಮ್ಯತೆ, ದೊರೆಯಾಗಲಿ ಹುಳುವಾಗಲಿ ಎಲ್ಲರಲ್ಲಿಯೂ ಒಂದೇ ಬಗೆಯ ವಿನಯ, ಹೇಳಿದ್ದನ್ನು ನಂಬುವ ಸರಳತೆ, ಇವೆಲ್ಲಕ್ಕೂ ಮಿಗಿಲಾಗಿ ಎಲ್ಲವನ್ನೂ ತಿಳಿಯಬೇಕೆಂಬ ಕೌತುಕ: ಇವೇ ಅವಳ ಲಕ್ಷಣಗಳು. ಮೈಯ ಬೆಳವಣಿಗೆ, ಬಿಲದ ಆಳ, ಕಣ್ಣೀರಿನ ಕೊಳ ಇವು ಯಾವುವನ್ನೂ ಅವರು ಆ ಪಟ್ಟಿಯಲ್ಲಿ ಸೇರಿಸಲಿಲ್ಲ. ನಾಟಕದಲ್ಲಿ ಅದ್ಭುತಗಳು ಎಷ್ಟೋ ಬಿಟ್ಟುಹೋದರೂ ಅವರಿಗೆ ನಾಟಕವು ಒಪ್ಪಿಗೆಯಾದುದರ ಗುಟ್ಟು ಇದರಲ್ಲಿದೆ. ಹುಡುಗಿಯ ಸ್ವಭಾವವು ಉಳಿದರೆ ಕಥೆ ಉಳಿಯಿತು. ಅದು ಕೆಟ್ಟರೆ ಎಷ್ಟು ಅದ್ಭುತಗಳನ್ನು ತೋರಿಸಿದರೂ ಕಥೆಯು ಉಳಿಯದು.

ಗ್ರಂಥಕರ್ತರೇ ನಾಟಕಕ್ಕೋಸ್ಕರ ಮಾಡಿದ ಒಂದು ಮಾರ್ಪಾಟು ಬಹಳ ಬೋಧಪ್ರದವಾಗಿದೆ. ಎರಡನೆಯ ಪುಸ್ತಕದಲ್ಲಿ ವಾಲ್ರಸ್ ಎಂಬ ಕಡಲ ಪ್ರಾಣಿಯೂ ಒಬ್ಬ ಬಡಗಿಯೂ ಸಿಂಪಿಯ ಮರಿಗಳನ್ನು ಸವಿಮಾತುಗಳಿಂದ ತಿರುಗಾಟಕ್ಕೆ ಕರೆದುಕೊಂಡು ಹೋಗಿ, ಎಲ್ಲವನ್ನೂ ತಿಂದುಬಿಡುವ ಒಂದು ಪದ್ಯವಿದೆ. ಪುಸ್ತಕದಲ್ಲಿ ಕಥೆಯು ಅಲ್ಲಿಗೆ ಮುಗಿಯುತ್ತದೆ, ವಂಚಕರಿಗೆ ಶಿಕ್ಷೆಯಿಲ್ಲ. ಓದುವಾಗ ನಾವು ಆ ಕ್ರೂರ ಹಾಸ್ಯಕ್ಕೆ ನಕ್ಕು ಪುಟ ತಿರುವುತ್ತೇವೆ. ಆದರೆ ಚಿಕ್ಕ ಮಕ್ಕಳು ಸಿಂಪಿಗಳ ವೇಷದಲ್ಲಿ ಕಣ್ಣೆದುರಿಗೆ ಬಂದು ಮಾಯವಾದಾಗ, ಹಾಗೆಯೇ ಮುಗಿಸುವುದು ಸಪ್ಪೆಯಾಗಿ ಕಂಡಿತು. ಆದುದರಿಂದ ಡಾಡ್ಜ್‌ಸನ್‌ರವರು ಹೊಸ ಸಾಲುಗಳನ್ನು ಬರೆದುಕೊಟ್ಟರು. ತಿಂದು ಮಲಗಿದ ವಂಚಕರ ಬಳಿಗೆ ಸಿಂಪಿಗಳ ಪ್ರೇತಗಳು ಬಂದು, ಹಾಡಿ ಕುಣಿದು, ಅವರ ಎದೆಯ ಮೇಲೆ ತುಳಿದು ಸೇಡು ತೀರಿಸಿಕೊಳ್ಳುತ್ತವೆ. ನೀತಿಕಥೆಗಳನ್ನು ನಗೆಯಾಡಿದವರೇ ರಂಗಸ್ಥಳದಲ್ಲಿ ನ್ಯಾಯವನ್ನು ದೊರಕಿಸಿಕೊಟ್ಟುದು ಆಶ್ಚರ್ಯವಲ್ಲವೇ? ಒಬ್ಬಳೇ ಕುಳಿತು ಓದುವ ಮಗು ಬೇರೆ. ನೂರಾರು ಮಕ್ಕಳು ಒಟ್ಟಿಗೆ ಕುಳಿತು ನೋಡುವ ಸಭೆ ಬೇರೆ. ಸಭೆಯಲ್ಲಿ ಕುಳಿತ ಮಕ್ಕಳು ನ್ಯಾಯವನ್ನು ಕೇಳುತ್ತಾರೆ. ಅದು ದೊರೆತ ಮೇಲೆಯೇ ಮನಸ್ಸು ಹಗುರವಾಗಿ ಮನೆಗೆ ಹೋಗುತ್ತಾರೆ.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಆರೂವರೆ ವರುಷದ ಮಗುವು ಸಂಬಳಕ್ಕಾಗಿ ದಿನದಿನವೂ ರಂಗಸ್ಥಳವನ್ನೇರುವುದು ಸರಿಯೇ? ಈ ವಿಚಾರವು ಅದೇ ವರುಷಗಳಲ್ಲಿ ಇಂಗ್ಲೆಂಡಿನಲ್ಲಿ ಬಲವಾಗಿ ಚರ್ಚೆಗೆ ಬಂತು. ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ಮಕ್ಕಳ ದುಡಿಮೆಯನ್ನು ಕಾನೂನು ತಡೆದಿರುವಾಗ ನಾಟಕಶಾಲೆಗೆ ಮಾತ್ರ ವಿನಾಯಿತಿ ಏಕೆಂದು ಮಕ್ಕಳ ಹಿತೈಷಿಗಳು ಕೇಳಿದರು. ಬಡ ತಾಯಿತಂದೆಗಳು ಮಗುವಿನ ಸಂಪಾದನೆಯ ಆಸೆಯಿಂದ ಅದರ ನಿದ್ದೆಯನ್ನೂ ವಿದ್ಯೆಯನ್ನೂ ಬಲಿಕೊಡುವರೆಂಬ ಭಯವು ನಿರಾಧಾರವಾದುದಲ್ಲ. ಡಾಡ್ಜ್‌ಸನ್‌ರವರು ಪತ್ರಿಕೆಗಳಿಗೆ ಬರೆದು ಬಾಲನಟಿಯರ ಪಕ್ಷವನ್ನು ವಹಿಸಿದರು. ಆ ಮಕ್ಕಳು ಆರೋಗ್ಯವಂತರೆಂದೂ, ಅಭಿನಯವು ಅವರಿಗೆ ಶ್ರಮವಲ್ಲ, ಆನಂದವೆಂದೂ ವಾದಿಸಿದರು. ಆದರೆ ಅಷ್ಟಕ್ಕೇ ನಿಲ್ಲದೆ, ಪರವಾನಗಿ ಬೇಕೆಂದೂ, ಕೆಲಸದ ವೇಳೆಗೆ ಮಿತಿ ಬೇಕೆಂದೂ, ಮಕ್ಕಳ ವಿದ್ಯಾಭ್ಯಾಸಕ್ಕೆ ಏರ್ಪಾಟು ಬೇಕೆಂದೂ ಅವರೇ ಸೂಚಿಸಿದರು. 1889ರಲ್ಲಿ ಮಕ್ಕಳ ರಕ್ಷಣೆಗಾಗಿ ಪಾರ್ಲಿಮೆಂಟು ಮಾಡಿದ ಶಾಸನದ ಪ್ರಕಾರ ಏಳು ವರುಷಕ್ಕೆ ಕಡಿಮೆಯಾದವರು ರಂಗಸ್ಥಳದ ಕೆಲಸ ಮಾಡಕೂಡದೆಂದೂ, ಏಳರಿಂದ ಹತ್ತರ ವರೆಗಿನವರು ನ್ಯಾಯಾಧಿಕಾರಿಯ ಪರವಾನಗಿ ಪಡೆದೇ ಮಾಡಬೇಕೆಂದೂ ಗೊತ್ತಾಯಿತು. ಹಾಗೆ ನೋಡಿದರೆ, ಗ್ರಂಥಕರ್ತರು ಅಷ್ಟಾಗಿ ಮೆಚ್ಚಿದ ಆ ಪುಟ್ಟ ಇಲಿಯ ವೇಷವನ್ನು ಆ ವಯಸ್ಸಿನ ಮಗುವು ಮುಂದೆ ಹಾಕುವಂತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ಶಾಸನವು ಸರಿಯಾದುದೇ. ಆಟವು ಎಷ್ಟೇ ಸೊಗಸಾಗಿರಲಿ, ಅದನ್ನು ಆಡುವ ಮಗುವಿನ ನಿದ್ದೆ, ಊಟ, ಪಾಠಗಳಿಗಿಂತ ದೊಡ್ಡದಲ್ಲ.

ನಾಟಕವು ಜನರ ಮನಸ್ಸಿಗೆ ಹಿಡಿಸಿತು. 1888ನೆಯ ಇಸವಿ ಡಿಸೆಂಬರಿನಲ್ಲಿ ಗ್ಲೋಬ್ ನಾಟಕಶಾಲೆಯಲ್ಲಿ ಅದನ್ನು ಪುನಃ ಆಡಿದಾಗ ಆಲಿಸಳ ವೇಷವು ಐಸಾ ಬೋಮನ್ ಎಂಬ ಬಾಲಿಕೆಗೆ ದೊರೆಯಿತು. ಮೊದಲನೆಯ ಸಲ ಅವಳು ಅದೇ ನಾಟಕದಲ್ಲಿ ಒಂದು ಚಿಕ್ಕ ವೇಷದಲ್ಲಿದ್ದವಳು. ಗುಂಪಿನಲ್ಲಿ ನಿಂತು ಹಾಡಿದವಳೇ ಎರಡು ವರುಷಗಳ ತರುವಾಯ ಕಥಾನಾಯಕಿಯಾದಳು. ಗ್ರಂಥಕರ್ತರು ತೀರಿಹೋದ ಮೇಲೆ, 1899ರಲ್ಲಿ, ಅವಳು ಅವರ ವಿಷಯವಾಗಿ ಎಳೆಯರಿಗೋಸ್ಕರ ಒಂದು ಪುಸ್ತಕವನ್ನೂ ಬರೆದಳು. ನಾಟಕವಾದರೋ ಕ್ರಿಸ್ಮಸ್ ಕಾಲದ ಆಟವಾಗಿ ಸುಮಾರು ನಾಲ್ವತ್ತು ವರುಷಗಳ ವರೆಗೆ ಮತ್ತೆ ಮತ್ತೆ ರಂಗಸ್ಥಳಕ್ಕೆ ಬರುತ್ತಿತ್ತು.

ಇದಕ್ಕೆ ಹೋಲಿಸಿ ನೋಡತಕ್ಕ ಇನ್ನೊಂದು ನಾಟಕವು ಅಮೇರಿಕ ದೇಶದ್ದು. ಎಲ್. ಫ್ರಾಂಕ್ ಬಾಮ್ ಎಂಬವರು 1900ದಲ್ಲಿ ಪ್ರಕಟಪಡಿಸಿದ ಆಜ್ ದೇಶದ ಮಾಂತ್ರಿಕನ ಕಥೆಯನ್ನು 1902ನೆಯ ಇಸವಿ ಜೂನ್ ತಿಂಗಳಲ್ಲಿ ಶಿಕಾಗೊ ಪಟ್ಟಣದಲ್ಲಿ ಸಂಗೀತ ನಾಟಕವಾಗಿ ಆಡಿದರು. ಅಲ್ಲಿ ಕಥಾನಾಯಕಿಯಾದ ಡಾರೊಥಿಯ ಪ್ರೀತಿಯ ನಾಯಿಯ ಬದಲಿಗೆ ಒಂದು ಹಸುವನ್ನು ತಂದರು. ಪಶ್ಚಿಮದಿಕ್ಕಿನ ದುಷ್ಟ ಮಾಟಗಾತಿಯನ್ನು ಬಿಟ್ಟೇಬಿಟ್ಟರು. ದೊಡ್ಡವರನ್ನು ನಗಿಸುವ ಅಂದಂದಿನ ವಿನೋದಗಳನ್ನೂ ಕಥೆಗೆ ಸಂಬಂಧವಿಲ್ಲದ ಹಾಡುಗಳನ್ನೂ ತುಂಬಿದರು. ಹುಲ್ಲುಬೊಂಬೆಯ ಮತ್ತು ತಗಡಿನ ಮನುಷ್ಯನ ವೇಷ ಹಾಕಿದ ಇಬ್ಬರು ಹಾಸ್ಯಗಾರರೇ ನಾಟಕದ ಮುಖ್ಯ ಆಕರ್ಷಣೆಯಾದರು. ಆಟಕ್ಕೆ ಜನ ಮುಗಿಬಿದ್ದರು, ಹಣವೂ ಬಂತು. ಆದರೂ ಇಂದು ಮಕ್ಕಳು ಪ್ರೀತಿಸುವುದು ಪುಸ್ತಕವನ್ನು, ಮತ್ತು ನಾಯಿಯನ್ನೂ ಮಾಟಗಾತಿಯನ್ನೂ ಪುನಃ ತಂದ 1939ರ ಚಲನಚಿತ್ರವನ್ನು. 1902ರ ಆ ನಾಟಕವು ಚರಿತ್ರೆಯನ್ನು ಓದುವವರಿಗೆ ಮಾತ್ರ ಗೊತ್ತು.

ಇವೆಲ್ಲವುಗಳಿಂದ ನಮ್ಮ ಶಾಲೆಯ ನಾಟಕಗಳಿಗೆ ಆಧಾರವಾಗತಕ್ಕ ಕೆಲವು ಮಾತುಗಳು ಹೊರಡುತ್ತವೆ. ಮೊದಲನೆಯದು, ಕಥೆಯನ್ನು ಆರಿಸಿದ ಕೂಡಲೇ ಅದರಲ್ಲಿ ಬಿಡಲಾಗದ ವಸ್ತು ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಅದನ್ನು ಕಾಪಾಡಿಕೊಂಡು ಉಳಿದುದನ್ನು ಧೈರ್ಯವಾಗಿ ಬಿಡಬಹುದು. ಬಿಲವನ್ನೂ ಮಾಯೆಯನ್ನೂ ತೋರಿಸಲು ನಮ್ಮಲ್ಲಿ ಯಂತ್ರಗಳಿಲ್ಲವೆಂದು ಕೊರಗಬೇಕಾಗಿಲ್ಲ. ಎರಡನೆಯದು, ಮಾತನ್ನು ತಿದ್ದಿದ ಹಾಗೆಯೇ ಅಭಿನಯವನ್ನೂ ತಿದ್ದಬೇಕು; ಚಪ್ಪಾಳೆಯ ಆಸೆಯಿಂದ ಸೇರಿಸುವ ಚೇಷ್ಟೆಯು ಹುಡುಗಿಯ ಬಾಯಿಗೂ ಮೈಗೂ ಒಪ್ಪುವುದೇ ಎಂದು ಕೇಳಿಕೊಳ್ಳಬೇಕು. ಮೂರನೆಯದು, ಹಾಡಿನ ಧಾಟಿಯು ಕೇಳುವವರ ಕಿವಿಗೆ ಪರಿಚಿತವಾಗಿದ್ದಷ್ಟೂ ಮಾತು ಬೇಗನೆ ಮನಸ್ಸಿಗೆ ತಲಪುತ್ತದೆ. ನಾಲ್ಕನೆಯದು, ಅಭ್ಯಾಸದ ಹೊತ್ತಿಗೆ ಮಿತಿಯಿರಬೇಕು. ಕತ್ತಲಾಗುವ ಮೊದಲೇ ಮಕ್ಕಳು ಮನೆ ಸೇರಬೇಕು. ನಾಟಕದ ನೆಪದಿಂದ ಪಾಠವು ಹಿಂದೆ ಬೀಳಬಾರದು.

ಎರಡನೆಯ ಪ್ರಶ್ನೆಗೂ, ಅಂದರೆ ಪ್ರಯೋಜನವೇನೆಂಬುದಕ್ಕೂ, ಇದರಲ್ಲಿಯೇ ಉತ್ತರವಿದೆ. ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದ ಹುಡುಗಿಯರನ್ನು ಉಪಾಧ್ಯಾಯಿನಿಯರು ಪ್ರತಿವರುಷವೂ ಕಾಣುತ್ತಾರೆ. ಅವಳಿಗೆ ಧೈರ್ಯ ತಂದುಕೋ ಎಂದು ನೂರು ಸಲ ಹೇಳಿದರೂ ಫಲವಿಲ್ಲ. ಮತ್ತೊಬ್ಬಳ ಮಾತನ್ನು ಅವಳ ಬಾಯಲ್ಲಿಟ್ಟು, ಮತ್ತೊಬ್ಬಳ ಉಡುಪನ್ನು ತೊಡಿಸಿ ನಿಲ್ಲಿಸಿದರೆ, ತನ್ನ ಧ್ವನಿಯು ಸಭೆಯ ಕೊನೆಯ ಸಾಲಿನ ವರೆಗೆ ತಲಪುವುದೆಂದು ಅವಳಿಗೆ ಮೊದಲ ಬಾರಿ ತಿಳಿಯುತ್ತದೆ. ಒಮ್ಮೆ ತಿಳಿದ ಮೇಲೆ ಅದು ಅವಳ ಸ್ವತ್ತು. ಮುಂದೆ ಆಸ್ಪತ್ರೆಯಲ್ಲಿಯೋ, ಕಚೇರಿಯಲ್ಲಿಯೋ, ತನ್ನ ಮನೆಯಲ್ಲಿಯೋ ಅನ್ಯಾಯವಾದ ಮಾತೊಂದನ್ನು ಕೇಳಿದಾಗ, ಇಸ್ಪೀಟೆಲೆಗಳ ನ್ಯಾಯಸ್ಥಾನದಲ್ಲಿ ಆಲಿಸಳು ಎದ್ದು ನಿಂತಂತೆ ಎದ್ದು ನಿಲ್ಲುವುದಕ್ಕೆ ಅವಳಿಗೆ ಆ ಧ್ವನಿಯು ಬೇಕಾಗುವುದು. ಅದನ್ನು ಪರೀಕ್ಷೆಯ ಅಂಕಗಳಿಂದ ಅಳೆಯಲಾಗದೆಂದು ಅದಕ್ಕೆ ಬೆಲೆಯಿಲ್ಲವೆನ್ನಲಾದೀತೇ?

ಹೆತ್ತವರಲ್ಲಿ ನನ್ನ ಬಿನ್ನಹವಿಷ್ಟೆ. ಮಗಳು ನಾಟಕದಲ್ಲಿ ಸೇರುವಳೆಂದು ಕೇಳಿದಾಗ ಬೇಡವೆಂದು ಒಮ್ಮೆಗೇ ಹೇಳದೆ, ಯಾವ ಕಥೆ, ಯಾವ ಮಾತು, ಎಷ್ಟು ಹೊತ್ತು, ಸಂಗಡ ಯಾರಿರುವರು ಎಂದು ವಿಚಾರಿಸಿರಿ. ಇವು ನ್ಯಾಯವಾದ ಪ್ರಶ್ನೆಗಳು. ಇವಕ್ಕೆ ಉತ್ತರ ಕೊಡುವುದು ಶಾಲೆಯವರ ಕರ್ತವ್ಯ. ತನ್ನ ಕಥೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಆಕ್ಸ್‌ಫರ್ಡಿನ ಆ ಉಪಾಧ್ಯಾಯರು ಕೇಳಿದುದೂ ಬಹುಮಟ್ಟಿಗೆ ಇವುಗಳನ್ನೇ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿರುವಿರಿ. ಮಳೆಗಾಲದ ಸಂಜೆಗಳಲ್ಲಿ ನಿಮ್ಮ ಮಕ್ಕಳಿಗೆ ಈ ಕಥೆಯನ್ನು ಓದಿ ಹೇಳಿರಿ. ಅವರು ತಾವಾಗಿಯೇ ಚಾಪೆಯನ್ನು ಪರದೆ ಮಾಡಿ, ಅಪ್ಪನ ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡು ಆಟಕ್ಕೆ ತೊಡಗಿದರೆ, ಅಡಿಗೆಯ ಕೆಲಸವನ್ನು ಐದು ನಿಮಿಷ ಬಿಟ್ಟು ಬಂದು ಕುಳಿತು ನೋಡಿರಿ.